ಕೋನದ ಸಿಪ್ಪೆಯಡಿಯ ಗುಟ್ಟು

ಜನವರಿ ಹೊತ್ತಿಗೆ ಜೋಯಿಡಾದಲ್ಲಿ ಕುಣಬಿ ಸಮುದಾಯದ ಗೆಡ್ಡೆ-ಗೆಣಸು ಮೇಳ. ಮುಡ್ಲಿ, ಸುವರ್ಣಗೆಡ್ಡೆ, ಮಣ್ಣು ಮೆತ್ತಿಕೊಂಡ ಕೋನವೆಂಬ ಗೆಡ್ಡೆ ರಾಶಿ ಬಿದ್ದಿರುತ್ತವೆ. ದಾಂಡೇಲಿ, ಹಳಿಯಾಳದ ಕಡೆಯವರು ಚೀಲ ತುಂಬಿಕೊಂಡು ಹೋಗಿ ಪಲ್ಯ ಮಾಡಿ ಮುಗಿಸುತ್ತಾರೆ. ಬೆಳೆದವರು ಮಾತ್ರ ಒಂದಿಷ್ಟನ್ನು ಬೀಜಕ್ಕೆಂದು ಎತ್ತಿಡುತ್ತಾರೆ. ಬೀಜವೆಂದರೆ ಇಲ್ಲಿ ಕತ್ತರಿಸಿದ ತುಂಡು, ಅಷ್ಟೆ.

ಆದರೆ ಕತ್ತಿ ಎಲ್ಲ ಗೆಡ್ಡೆಗೂ ಒಂದೇ ಥರ ಆಡುವುದಿಲ್ಲ. ಸುವರ್ಣಗೆಡ್ಡೆಗೆ ನೆತ್ತಿಯ ನಡುವೆ ಒಂದು ಮೊಗ್ಗು. ಪ್ರತಿ ಹೋಳಿಗೂ ಅದರ ಚೂರು ಪಾಲು ಬರುವಂತೆ ಮೇಲಿನಿಂದ ಸೀಳಿ, ಸಗಣಿ ನೀರಲ್ಲಿ ಅದ್ದಿ, ನೆರಳಲ್ಲಿ ಆರಿಸಿ ನೆಡಬೇಕು. ಕೋನಕ್ಕೆ ಆ ಹಂಗಿಲ್ಲ. ಆಲೂಗಡ್ಡೆಯಲ್ಲಿ ಕಾಣುವಂಥ ಕಣ್ಣೇ ಅದಕ್ಕಿಲ್ಲ. ಹೇಗೆ ಕೊಯ್ದರೂ ಸರಿ, ತುಂಡಿನ ಮೇಲೆ ಸಿಪ್ಪೆ ಇರಬೇಕು. ಕೆಲವು ವಾರಗಳಲ್ಲಿ ಸಿಪ್ಪೆಯಡಿ ಒಂದು ಗಂಟು ಉಬ್ಬಿ, ಅದರಿಂದಲೇ ಚಿಗುರೂ ಬೇರೂ ಹೊರಡುತ್ತವೆ. ತಲೆಯ ತುಂಡು ಬೇಗ, ಬಾಲದ್ದು ತಡ. ಸಿಪ್ಪೆ ಹೆರೆದದ್ದು ಸಾರಿಗಷ್ಟೇ ಸರಿ.

ಗುಟ್ಟಿರುವುದು ಸಿಪ್ಪೆಗೆ ಅಂಟಿದ ತೆಳು ಪದರದಲ್ಲಿ. ಅಲ್ಲಿನ ಕೋಶಗಳು ಇನ್ನೂ ಏನೂ ಆಗಿಲ್ಲ, ಹಾಗಾಗಿ ಏನು ಬೇಕಾದರೂ ಆಗಬಲ್ಲವು. ನಮ್ಮ ಮೈಯಲ್ಲಿ ಇಂಥವಕ್ಕೆ ಆಕರಕೋಶ ಎನ್ನುತ್ತಾರೆ. ('ಕಾಂಡಕೋಶ' ಎಂದು ಬರೆಯುವವರೂ ಇದ್ದಾರೆ. ಇಂಗ್ಲಿಷಿನ 'ಸ್ಟೆಮ್ ಸೆಲ್' ಪದವನ್ನು ಹಾಗೆಯೇ ಇಳಿಸಿಕೊಂಡದ್ದು, ನನಗೆ ಒಗ್ಗದು.)

ನಾವೂ ಒಂದು ಕಾಲಕ್ಕೆ ಕೋನದಂತೆಯೇ ಇದ್ದವರು. ಗರ್ಭ ಕಟ್ಟಿದ ಮೊದಮೊದಲ ದಿನಗಳ ಕೋಶ ಮಿದುಳೂ ಆದೀತು, ಮೂಳೆಯೂ ಆದೀತು. ಆಮೇಲೆ ಒಂದೊಂದೇ ದಾರಿ ಮುಚ್ಚುತ್ತ ಬರುತ್ತದೆ. ಮೂಳೆಮಜ್ಜೆಯಲ್ಲಿ ರಕ್ತ ತಯಾರಿಸುವ ಆಕರಕೋಶ ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್‌ಗಳನ್ನು ಜೀವನಪೂರ್ತಿ ಮಾಡುತ್ತಲೇ ಇರುತ್ತದೆ. ನರ ಮಾಡು ಎಂದರೆ ಅದರ ಕೈಲಾಗದು. ಮುಚ್ಚಿದ ದಾರಿಯನ್ನು ತೆರೆದು ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಅವರು ಇಲಿಯ ಚರ್ಮದ ಕೋಶಕ್ಕೆ 4 ಜೀನ್ ಸೇರಿಸಿ, ಅದನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಹಿಂದಿರುಗಿಸಿದರು. 2012ರಲ್ಲಿ ನೊಬೆಲ್ ಬಂತು. ಬೆಂಗಳೂರಿನಲ್ಲೂ ಆಕರಕೋಶಗಳ ಅಧ್ಯಯನಕ್ಕೆಂದು 'ಇನ್‌ಸ್ಟೆಮ್' ಎಂಬ ಸಂಸ್ಥೆಯಿದೆ.

ಇದರ ಬೆನ್ನಿಗೇ ಆಸೆ ಮಾರುವವರೂ ಹುಟ್ಟಿಕೊಂಡರು. ಮಂಡಿನೋವು, ಪಾರ್ಶ್ವವಾಯು, ಮಕ್ಕಳ ಆಟಿಸಂ, ಎಲ್ಲಕ್ಕೂ ಆಕರಕೋಶದ ಚುಚ್ಚುಮದ್ದು ಎಂಬ ಜಾಹೀರಾತು. ಮನುಷ್ಯನ ಮಜ್ಜೆಯನ್ನು ಕೋನವೆಂದು ಮಾರುವ ವ್ಯಾಪಾರ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಕಸಿಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಆಗಿನ್ನೂ ಪ್ರಯೋಗ. ಪ್ರಯೋಗವನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ. ಪ್ರಯೋಗಕ್ಕೆ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.