ನಿಮಗಿದು ಗೊತ್ತೇ? ಕುದುರೆ, ಬಿಲ್ಲು ಮತ್ತು ಕರಾವಳಿಯ ಮಳೆ

ಕುಮಟಾ, ಹೊನ್ನಾವರ, ಭಟ್ಕಳದ ಘಟ್ಟದ ಬುಡದಲ್ಲಿ ತೋಟ ಮಾಡುವವರಿಗೆ ಪರಿಚಯವಿರುವುದು ಪಿಸ್ತೂಲಲ್ಲ, ಕೋವಿ. ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದದ್ದು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಫಸಲಿನ ಹೊತ್ತಿನಲ್ಲಿ ಇದು ರೈತರಿಗೆ ನಿಜವಾದ ಸಂಕಟ.

ಏಟಿಗೆ ಸಿಡಿಯುವ ಪುಟ್ಟ ಕೇಪಿನಿಂದ ಹೊತ್ತಿಕೊಳ್ಳುವ ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಸರಳಿನಿಂದ ಜಡಿಯಬೇಕು. ಒಂದು ಈಡಿಗೆ ಇಷ್ಟು ಕೆಲಸ! ಕರಿಮದ್ದು ತೇವ ಹೀರುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಅದು ಕೈಕೊಟ್ಟರೆ ಆಶ್ಚರ್ಯವಿಲ್ಲ.

ಕೇಪಿನ ತಂತ್ರಕ್ಕೆ ದಾರಿ ತೋರಿದವರು ಒಬ್ಬ ಪಾದ್ರಿ! ಚಕಮಕಿ ಕೋವಿಯ ಕಿಡಿ ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್, ಏಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸಿ 1807ರಲ್ಲಿ ಪೇಟೆಂಟ್ ಪಡೆದರು. 1783–84ರಲ್ಲಿ ಟಿಪ್ಪುವಿನ ಸೇನೆ ಹೊನ್ನಾವರದ ಕೋಟೆಯನ್ನು ಮುತ್ತಿದಾಗ ಈ ಸೌಲಭ್ಯ ಯಾರಿಗೂ ಇರಲಿಲ್ಲ.

ಹಳೆಯ ಕೋವಿಯ ಸುರಕ್ಷತೆ ಎಂದರೆ ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಅರ್ಧಕ್ಕೆ ಎತ್ತಿ ನಿಲ್ಲಿಸುವುದು, ಅಷ್ಟೇ. ಒಳಗಿನ ಕಚ್ಚು ಸವೆದಿದ್ದರೆ ದೇವರೇ ಗತಿ. ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆ ಸೇರಿದ ಕೋಲ್ಟ್ ಪಿಸ್ತೂಲಿನಲ್ಲಿ ಆ ಅರ್ಧ ಕಚ್ಚು ಉಳಿಯಿತು. ಜೊತೆಗೆ ಹಿಡಿಯ ಹಿಂದೆ ಒಂದು ಒತ್ತುಪಟ್ಟಿ ಬಂತು. ಅಂಗೈಯಲ್ಲಿ ಬಿಗಿಯಾಗಿ ಹಿಡಿಯದ ಹೊರತು ಬಿಲ್ಲು (ಟ್ರಿಗರ್) ಕೆಲಸ ಮಾಡದು. ಹೆಬ್ಬೆರಳಿನ ಕೀಲಿ ಸೇರಿಸಿದ್ದು ಕುದುರೆ ಸವಾರರ ಪಡೆ ಕೇಳಿದ ಮೇಲೆ.

1920ರ ದಶಕದಲ್ಲಿ ಅದೇ ಪಿಸ್ತೂಲಿನ ಬಿಲ್ಲು ಗಿಡ್ಡವಾಯಿತು, ಒತ್ತುಪಟ್ಟಿಯ ತುದಿ ಉದ್ದವಾಯಿತು. ತುದಿ ಉದ್ದವಾದದ್ದು ಏಕೆ ಗೊತ್ತೇ? ಹಿಂದಕ್ಕೆ ಬರುವ ಕುದುರೆ ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತಿತ್ತು! ಇಂದಿನ ಮಾದರಿಗಳಲ್ಲಿ ಆ ತುದಿ ಇನ್ನೂ ಅಗಲ.

ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು ಎಂದರೆ ಎಲ್ಲರೂ ಗ್ಲಾಕ್ ಎನ್ನುತ್ತಾರೆ. ಆದರೆ ಜರ್ಮನಿಯ ವಿಪಿ70 ಬಂದದ್ದು 1970ರಲ್ಲಿ; ಗ್ಲಾಕ್ 17 ಆಸ್ಟ್ರಿಯಾದ ಸೇನೆಗೆ ಆಯ್ಕೆಯಾದದ್ದು 1982ರಲ್ಲಿ. ಹಳೆಯ ಪಿಸ್ತೂಲುಗಳ ನೀಲಿಗಪ್ಪು ಹೊಳಪು ಹತೋಟಿಯಲ್ಲಿಟ್ಟು ಹಿಡಿಸಿದ ಒಂದು ಬಗೆಯ ತುಕ್ಕೇ. ನೋಡಲು ಬಲು ಚೆಂದ, ಆದರೆ ಉಪ್ಪುಗಾಳಿ ಬೀಸುವ ಭಟ್ಕಳದಂಥ ಊರಿನಲ್ಲಿ ಎಣ್ಣೆ ಹಚ್ಚದೆ ಬಿಟ್ಟರೆ ಕೆಂಪು ತುಕ್ಕು ಖಂಡಿತ. ಪ್ಲಾಸ್ಟಿಕ್ಕಿಗೆ ಆ ಭಯವಿಲ್ಲ.

ನಮ್ಮಲ್ಲಿ 9 ಎಂ.ಎಂ. ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ. ಪರವಾನಗಿ ಸಿಕ್ಕರೂ ಸಾಮಾನ್ಯವಾಗಿ .32 ಬೋರ್. ಅದರ ತೋಟಾ ರೂಪಿಸಿದ್ದೂ ಬ್ರೌನಿಂಗ್, 1899ರ ಸುಮಾರಿಗೆ!

ಬ್ರೌನಿಂಗ್ 1926ರಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟಿದ್ದ ಹೈ ಪವರ್ ಪಿಸ್ತೂಲನ್ನು ಮುಗಿಸಿದವರು ಬೆಲ್ಜಿಯಂನ ದ್ಯುದೊನೆ ಸೈವ್. ಇದೇ ಮಾದರಿಯ 1ಎ ಪಿಸ್ತೂಲು ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಯಿತು. ಮ್ಯಾಗಝಿನ್ ಕಳಚಿದರೆ ಹೈ ಪವರ್‌ನ ಬಿಲ್ಲು ಎಳೆದರೂ ಈಡು ಹಾರದು. ಎಲ್ಲ ಪಿಸ್ತೂಲೂ ಹೀಗಲ್ಲ. 1911ರ ಆ ಕೋಲ್ಟ್ ಪಿಸ್ತೂಲಿನಲ್ಲಿ ಮ್ಯಾಗಝಿನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿದ್ದರೆ, ಬಿಲ್ಲು ಎಳೆದಾಗ ಅದು ಹಾರಿಯೇ ಹಾರುತ್ತದೆ.