ಹೋದವರಿಗೆ ಯಾಕೆ ಏಕವಚನ?

ಹಿರಿಯೂರಿನಲ್ಲಿ ಪಿಯುಸಿ ಓದುತ್ತಿರುವ ಅಕ್ಕನ ಮಗಳು ಹೋದ ತಿಂಗಳು ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಪದ್ಯ. ಅದರ ಕೆಳಗೆ ಪ್ರಶ್ನೆ: ಇದರಲ್ಲಿರುವ ಅಲಂಕಾರಗಳನ್ನು ಗುರುತಿಸಿ.

‘ಮಾಮ, ಅಪಾಸ್ಟ್ರಫಿ ಅಂದ್ರೆ ಅಕ್ಷರದ ಮೇಲೆ ಹಾಕೋ ಆ ಸಣ್ಣ ಗೆರೆ ತಾನೆ? ಎಷ್ಟಿದೆ ಅಂತ ಎಣಿಸ್ಬೇಕಾ?’

ಅದಲ್ಲ, ಇಲ್ಲಿ ಅಪಾಸ್ಟ್ರಫಿ ಅಂದ್ರೆ ಸಂಬೋಧನೆ, ಎದುರಿಗೆ ಇಲ್ಲದವರನ್ನೋ ಸತ್ತವರನ್ನೋ ಕರೆದು ಮಾತಾಡಿಸೋದು ಅಂತ ಟೈಪ್ ಮಾಡಿದೆ. ತಕ್ಷಣ ಉತ್ತರ ಬಂತು: ‘ಸತ್ತೋರ ಹತ್ರ ಯಾಕ್ ಮಾತಾಡ್ಬೇಕು?’

ಪರೀಕ್ಷೆಯ ಪ್ರಶ್ನೆಗಿಂತ ಇದೇ ಒಳ್ಳೆಯ ಪ್ರಶ್ನೆ.

ಪದ್ಯದ ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. ನಾಲ್ಕು ವರ್ಷದ ಅಂತರ್ಯುದ್ಧ ಮುಗಿಯುತ್ತಿದ್ದ ಹೊತ್ತು. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಲಿಂಕನ್ ಅವರಿಗೆ ಗುಂಡು ಹೊಡೆದರು, ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ವಿಟ್ಮನ್ ದೇಶವನ್ನು ಹಡಗು ಮಾಡಿದ, ಲಿಂಕನ್‌ರನ್ನು ಕಪ್ತಾನ ಮಾಡಿದ, ಯುದ್ಧವನ್ನು ಭಯಾನಕ ಪಯಣ ಮಾಡಿದ. ಹಡಗು ದಡ ಮುಟ್ಟುತ್ತೆ, ಕಪ್ತಾನ ಅಲ್ಲೇ ಹೆಣವಾಗಿ ಬಿದ್ದಿರುತ್ತಾನೆ.

ಗೈಡ್‌ಗಳು ಇಷ್ಟನ್ನು ಒಂದು ಟೇಬಲ್ ಮಾಡಿ ಕೊಡುತ್ತವೆ. ಎಡಗಡೆ ಹಡಗು, ಬಲಗಡೆ ದೇಶ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಈ ಟೇಬಲ್ ನೋಡಲು ಚೆಂದ. ಆದರೆ ಅದನ್ನು ಬಾಯಿಪಾಠ ಮಾಡಿದ ಹಿರಿಯೂರಿನ ಹುಡುಗಿಗೆ ದೊಡ್ಡ ನೀರು ಅಂದರೆ ವಾಣಿವಿಲಾಸ ಸಾಗರ. ಅದೂ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ಹಡಗು ಕಟ್ಟಿಕೊಂಡು ಅವಳೇನು ಮಾಡಬೇಕು? ಆ ರೂಪಕ ಅವಳನ್ನು ಅಳಿಸೋದಿಲ್ಲ. ನನ್ನನ್ನೂ ಅಳಿಸಲಿಲ್ಲ.

ಅಳಿಸುವ ಜಾಗ ಬೇರೆ ಇದೆ. ಪದ್ಯದಲ್ಲಿ ಮೂರು ಚರಣ. ಪ್ರತಿ ಚರಣದಲ್ಲೂ ಮೊದಲ ನಾಲ್ಕು ಸಾಲು ಉದ್ದ, ಆಮೇಲಿನ ನಾಲ್ಕು ಗಿಡ್ಡ. ಉದ್ದದ ಸಾಲುಗಳಲ್ಲಿ ಹೆಚ್ಚಾಗಿ ದಡದ ಸಂಭ್ರಮ, ಗಂಟೆ, ಜನಜಂಗುಳಿ. ಗಿಡ್ಡ ಸಾಲಿಗೆ ಇಳಿದರೆ ಹೆಣ. ಮೆರವಣಿಗೆಯ ಮಧ್ಯೆ ಒಬ್ಬನಿಗೆ ಮಾತ್ರ ಉಸಿರು ಕಟ್ಟಿದ ಹಾಗೆ. ಇನ್ನೊಂದು ಸಂಗತಿ ಇನ್ನೂ ಸೂಕ್ಷ್ಮ. ಮೊದಲೆರಡು ಚರಣಗಳಲ್ಲಿ ಕವಿ ಸತ್ತವನನ್ನೇ ಕರೆಯುತ್ತಾನೆ, ಎರಡನೆಯದರಲ್ಲಿ ಏಳು, ಕೇಳು ಅನ್ನುತ್ತಾನೆ. ‘ಕಪ್ತಾನ’ ಅಂತ ಶುರುವಾದದ್ದು ಎರಡನೇ ಚರಣದಲ್ಲಿ ‘ಅಪ್ಪ’ ಆಗುತ್ತೆ. ಮೂರನೇ ಚರಣಕ್ಕೆ ಬಂದಾಗ ಆ ಕರೆ ನಿಂತುಹೋಗುತ್ತೆ. ಅವನು ಉತ್ತರ ಕೊಡುತ್ತಿಲ್ಲ ಅಂತ ಕವಿ ನಮಗೆ ಹೇಳುತ್ತಾನೆ. ನೀನು ಇದ್ದವನು ಅವನು ಆಗಿಬಿಟ್ಟ. ಸಾವು ನಡೆದದ್ದು ಆ ಸರ್ವನಾಮದಲ್ಲಿ. ಗೈಡ್‌ನ ಟೇಬಲ್ಲಿನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

(ವಿಟ್ಮನ್ ಪ್ರಾಸ, ಛಂದಸ್ಸು ಬಿಟ್ಟು ಬರೆದು ಹೆಸರಾದವನು. ಪ್ರಾಸ ಇಟ್ಟು ಬರೆದ ಈ ಪದ್ಯವನ್ನೇ ಜನ ಎಲ್ಲ ಕಡೆ ಓದಿಸಿ ಓದಿಸಿ, ಕೊನೆಗೆ ಯಾಕಾದರೂ ಬರೆದೆನೋ ಅನ್ನುವಷ್ಟು ಅವನಿಗೆ ಬೇಜಾರಾಗಿತ್ತು.)

ಸಂಜೆ ಪದ್ಯವನ್ನು ಅವಳಿಗಾಗಿ ಕನ್ನಡಕ್ಕೆ ತರಲು ಕೂತೆ. ಮೊದಲ ಪದಕ್ಕೇ ತಡೆ. ಕ್ಯಾಪ್ಟನ್ ಅಂದರೆ ‘ನಾಯಕ’ ಅನ್ನೋಣ ಅಂದರೆ, ಚಿತ್ರದುರ್ಗದವರಿಗೆ ಆ ಪದ ಕೇಳಿದ ಕೂಡಲೇ ಕೋಟೆ ಮೇಲೆ ಮದಕರಿ ಬಂದು ನಿಲ್ಲುತ್ತಾನೆ. ಎರಡನೇ ತಡೆ ಇನ್ನೂ ದೊಡ್ಡದು. ಇಂಗ್ಲಿಷ್‌ನಲ್ಲಿ ‘ಯೂ’ ಅಂದರೆ ಆಯ್ತು. ಕನ್ನಡದಲ್ಲಿ ನೀವು ಅನ್ನಬೇಕೋ, ನೀನು ಅನ್ನಬೇಕೋ? ದೇಶದ ಅಧ್ಯಕ್ಷರು, ಮರ್ಯಾದೆಗೆ ‘ಏಳಿ, ಎದ್ದೇಳಿ’ ಅಂತ ಬರೆದೆ. ಆಫೀಸಿನಲ್ಲಿ ನಿದ್ದೆ ಹೋದ ಮ್ಯಾನೇಜರನ್ನು ಎಬ್ಬಿಸಿದಂತಿತ್ತು. ‘ಏಳೋ’ ಅಂತ ತಿದ್ದಿದೆ. ಪದ್ಯಕ್ಕೆ ಜೀವ ಬಂತು.

ಇದು ನನಗೆ ಹೊಸದಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿ ಬೆಳೆದವನು ನಾನು. ಸಾವಿನ ಮನೆಯಲ್ಲಿ ಹೆಂಗಸರು ಹೆಣದ ಸುತ್ತ ಕೂತು ಹಾಡ್ಕೊಂಡು ಅಳೋದನ್ನ ಚಿಕ್ಕಂದಿನಿಂದ ಕೇಳಿದ್ದೀನಿ. ನಮ್ಮಜ್ಜಿ ಜೀವಮಾನದಲ್ಲಿ ಗಂಡನ ಹೆಸರು ಹಿಡಿದು ಕರೆದವಳಲ್ಲ, ‘ಅವ್ರು’ ಅನ್ನೋದೇ. ತಾತ ಹೋದ ದಿನ ಹೆಣದ ಮುಖ ಹಿಡಿದು ‘ನೀನು’ ಅಂದಳು. ತೋಟಕ್ಕೆ ಇನ್ಯಾರು ನೀರು ಬಿಡ್ತಾರೆ, ಬಾಗಿಲ ಚಿಲಕ ಇನ್ಯಾರು ಹಾಕ್ತಾರೆ, ನನ್ನ ಕೇಳದೆ ಎಲ್ಲಿಗೆ ಹೊರಟೆ ಅಂತ ಒಂದೊಂದೇ ಪ್ರಶ್ನೆ. ಪ್ರತಿ ಪ್ರಶ್ನೆ ಮುಗಿದಾಗಲೂ ಅದೇ ಒಂದು ಕೂಗು, ಪಲ್ಲವಿಯ ಹಾಗೆ. ಸುತ್ತಲಿದ್ದವರು ಆ ಕೂಗಿಗೆ ದನಿ ಸೇರಿಸಿ, ಅವಳು ಮುಂದಿನ ಪ್ರಶ್ನೆ ಹುಡುಕುವಷ್ಟು ಹೊತ್ತು ಹಿಡಿದಿರುತ್ತಿದ್ದರು. ಸಂಬೋಧನೆ, ಉತ್ತರ ಬೇಡದ ಪ್ರಶ್ನೆ, ಪುನರಾವರ್ತನೆ ಎಲ್ಲ ಅಲ್ಲಿತ್ತು. ಹಡಗೊಂದೇ ಇರಲಿಲ್ಲ. ಮಾರನೇ ದಿನದಿಂದ ಅಜ್ಜಿಗೆ ತಾತ ಮತ್ತೆ ‘ಅವ್ರು’.

ಇದರ ರಾಜವೈಭವದ ರೂಪ ನೋಡಬೇಕಾದರೆ ಹತ್ತನೇ ಶತಮಾನದ ರನ್ನನ ‘ಗದಾಯುದ್ಧ’ಕ್ಕೆ ಹೋಗಬೇಕು. ರಣರಂಗದಲ್ಲಿ ಹೆಣಗಳ ಮಧ್ಯೆ ನಡೆಯುವ ದುರ್ಯೋಧನ ಕರ್ಣನ ಮುಂದೆ ಕುಸಿಯುತ್ತಾನೆ, ಯಾಕೆ ಮಾತಾಡುತ್ತಿಲ್ಲ ಅಂತ ಕೇಳುತ್ತಾನೆ. ಅಲ್ಲೊಂದು ಪದ್ಯದಲ್ಲಿ ರನ್ನ ಉಪಮೆಯ ಗೋಜಿಗೇ ಹೋಗುವುದಿಲ್ಲ. ನಿನ್ನ ಹುಟ್ಟಿನ ಗುಟ್ಟು ನನಗೆ ಗೊತ್ತಿತ್ತು, ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿತ್ತು ಅಂತ ಒಂದೇ ಕ್ರಿಯಾಪದವನ್ನು ಸುತ್ತಿಗೆಯ ಹಾಗೆ ಮತ್ತೆ ಮತ್ತೆ ಹೊಡೆಯುತ್ತಾನೆ. ಎಲ್ಲರಿಗೂ ಗೊತ್ತಿತ್ತು, ಆದರೂ ನಿನ್ನನ್ನು ಸಾಯಲು ಬಿಟ್ಟೆವು. ಅದು ಹೊಗಳಿಕೆಯಲ್ಲ, ಒಪ್ಪಿಗೆ.

ನಮ್ಮ ಶ್ರದ್ಧಾಂಜಲಿಗಳಲ್ಲಿ ಕಾಣೆಯಾಗಿರುವುದು ಇದೇ. ಯಾವ ಸರ್ಕಲ್‌ನ ಫ್ಲೆಕ್ಸ್ ಬೇಕಾದರೂ ನೋಡಿ: ಧೀಮಂತ ನಾಯಕ, ಅಜಾತಶತ್ರು, ತುಂಬಲಾರದ ನಷ್ಟ. ನಷ್ಟ ತುಂಬಿಕೊಡೋದು ಇನ್ಶೂರೆನ್ಸ್ ಕಂಪನಿಯ ಭಾಷೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಊರೂರಲ್ಲಿ ಎದ್ದ ಫ್ಲೆಕ್ಸ್‌ಗಳಲ್ಲಿ ನಿಜಕ್ಕೂ ಎದೆಗೆ ತಾಕಿದ ಸಾಲು ‘ಮತ್ತೆ ಹುಟ್ಟಿ ಬಾ’. ‘ಬನ್ನಿ’ ಅಂತ ಬರೆದಿದ್ದರೆ ಅದು ಮದುವೆಯ ಕರೆಯೋಲೆ ಆಗುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ದೇಶಮಟ್ಟದ ನಾಯಕ ಅಂದರೆ ಎಸ್. ನಿಜಲಿಂಗಪ್ಪನವರು. 1902ರಲ್ಲಿ ಹುಟ್ಟಿ, ಚಿತ್ರದುರ್ಗವನ್ನೇ ಊರು ಮಾಡಿಕೊಂಡವರು. 1952ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋದರು. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿಯಾದರು. 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ, ಮರುವರ್ಷ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಎದುರು ಬಣದಲ್ಲಿ ನಿಂತರು. 2000ದ ಆಗಸ್ಟ್ 8ರಂದು ತೀರಿಕೊಂಡರು. ಬೆಂಗಳೂರಿಂದ ಊರಿಗೆ ಹೋಗುವಾಗ ದುರ್ಗಕ್ಕೆ ಮುಂಚೆ ಸೀಬಾರದಲ್ಲಿ ಅವರ ಸ್ಮಾರಕ ಸಿಗುತ್ತೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೀನಿ.

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೂ ಅವರ ಫೋಟೊ, ಬಿರುದುಗಳು ಫಾರ್ವರ್ಡ್ ಆಗಿ ಬರುತ್ತವೆ. ಒಂದು ವಿಷಯ ಮಾತ್ರ ಆ ಫಾರ್ವರ್ಡ್‌ಗಳಲ್ಲಿ ನನಗೆ ಯಾವತ್ತೂ ಕಂಡಿಲ್ಲ. 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಿಂದ ನಿಂತು ಸೋತರು. ಮುಖ್ಯಮಂತ್ರಿ ಆಗಬೇಕಾದವರು ವಿಧಾನಸಭೆಗೇ ಹೋಗಲಾಗಲಿಲ್ಲ. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಆ ಕುರ್ಚಿಯಲ್ಲಿ ಕೂತು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಬಿಟ್ಟುಕೊಟ್ಟರು. ತವರಿನವರು ಕೈಬಿಟ್ಟವರನ್ನು ದೂರದ ಊರು ಎತ್ತಿಕೊಂಡಿತು. ನಮ್ಮವರು ಇದನ್ನು ಶ್ರದ್ಧಾಂಜಲಿಯಲ್ಲಿ ಸೇರಿಸದೇ ಇರುವುದು ಮರ್ಯಾದೆಗೆ. ಆದರೆ ರನ್ನ ಬರೆದಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದ ಅಂತ ನನ್ನ ಅನಿಸಿಕೆ.

ಹೊಸದುರ್ಗದ ಯಾರಾದರೂ ಅವರ ಮೇಲೆ ಇವತ್ತು ಶೋಕಗೀತೆ ಬರೆದರೆ ಹಡಗು ಬೇಡ, ಉರುಳಿದ ಆಲದ ಮರವೂ ಬೇಡ. ‘ನಿನ್ನ ಸೋಲಿಸಿದವರು ನಾವೇ’ ಅಂತ ಮೊದಲ ಸಾಲು ಬರೆದರೆ ಸಾಕು. ಅದೇ ಸಾಲನ್ನು ‘ನಿಮ್ಮನ್ನು ಸೋಲಿಸಿದವರು ನಾವೇ’ ಅಂತ ಒಮ್ಮೆ ಬರೆದು, ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಎರಡನೆಯದು ತಾಲ್ಲೂಕು ಕಚೇರಿಗೆ ಕೊಟ್ಟ ಮನವಿಯ ಹಾಗೆ ಕೇಳಿಸುತ್ತೆ.