ಒಟ್ಟು ಶೇಕಡಾವಾರು ನಂಬಿ ಮೋಸ ಹೋಗ್ಬೇಡಿ: ವಿಭಾಗವಾರು ಟೇಬಲ್ ಮಾಡೋದು ಹೀಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ನಾವು ನೋಡೋದು ಜಿಲ್ಲೆಯ ಒಟ್ಟು ಶೇಕಡಾವಾರು. ಆದರೆ ಒಟ್ಟು ಲೆಕ್ಕ ಒಂದನ್ನೇ ನಂಬಿದರೆ ತೀರ್ಮಾನವೇ ತಲೆಕೆಳಗಾಗಬಹುದು. ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶಾತಿ.

ಅಲ್ಲಿನ ಆರು ದೊಡ್ಡ ವಿಭಾಗಗಳಿಗೆ ಅರ್ಜಿ ಹಾಕಿದ್ದ 2,691 ಪುರುಷರಲ್ಲಿ 1,198 ಮಂದಿಗೆ ಸೀಟು ಸಿಕ್ಕಿತು. ಅಂದ್ರೆ ಶೇ.44.5. ಮಹಿಳೆಯರು 1,835 ಮಂದಿ, ಸೀಟು ಸಿಕ್ಕಿದ್ದು 557 ಮಂದಿಗೆ. ಅಂದ್ರೆ ಶೇ.30.4. ಯಾರಿಗಾದರೂ ಇದು ತಾರತಮ್ಯ ಅಂತಲೇ ಅನ್ನಿಸುತ್ತೆ.

ಬಿಡಿಸಿ ನೋಡಿದಾಗ

'ಎ' ವಿಭಾಗದಲ್ಲಿ ಮಹಿಳೆಯರು ಶೇ.82, ಪುರುಷರು ಶೇ.62. ಬಿ, ಡಿ, ಎಫ್ ವಿಭಾಗಗಳಲ್ಲೂ ಮಹಿಳೆಯರೇ ಮುಂದೆ. ಸಿ, ಇ ಎರಡರಲ್ಲಿ ಮಾತ್ರ ಪುರುಷರು ತುಸು ಮುಂದೆ.

ಹಾಗಾದರೆ ಒಟ್ಟು ಲೆಕ್ಕ ಉಲ್ಟಾ ಆಗಿದ್ದು ಯಾಕೆ? ಸುಲಭವಾಗಿ ಸೀಟು ಸಿಗುತ್ತಿದ್ದ ಎ, ಬಿ ವಿಭಾಗಗಳಿಗೆ ಅರ್ಜಿ ಹಾಕಿದ್ದು 1,385 ಪುರುಷರು, ಬರೀ 133 ಮಹಿಳೆಯರು. ಹೆಚ್ಚಿನ ಮಹಿಳೆಯರು ಪೈಪೋಟಿ ಜಾಸ್ತಿ ಇದ್ದ ಕಡೆ ಹೋಗಿದ್ದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅಂತಾರೆ.

ನೀವೇ ಮಾಡಿ ನೋಡಿ

ಉಚಿತವಾಗಿ ಸಿಗುವ 'ಆರ್' ಸಾಫ್ಟ್‌ವೇರ್‌ನಲ್ಲಿ ಈ ದತ್ತಾಂಶ 'ಯುಸಿಬಿ ಅಡ್ಮಿಷನ್ಸ್' ಹೆಸರಿನಲ್ಲಿ ಮೊದಲೇ ಇರುತ್ತೆ. ಅದನ್ನು ಡೇಟಾ ಫ್ರೇಮ್ ಮಾಡಿಕೊಂಡರೆ 24 ಸಾಲು ಬರುತ್ತವೆ. ನಂತರ ಡಿಪ್ಲೈಆರ್ ಪ್ಯಾಕೇಜಿನ 'ಗ್ರೂಪ್ ಬೈ' ಆದೇಶದಿಂದ ವಿಭಾಗ ಮತ್ತು ಲಿಂಗದ ಪ್ರಕಾರ ಗುಂಪು ಮಾಡಿ, 'ಸಮರೈಸ್' ಆದೇಶದಿಂದ ಪ್ರತಿ ಗುಂಪಿನ ಅರ್ಜಿ, ಸೀಟು, ಶೇಕಡಾವಾರು ತೆಗೆಯಿರಿ. ಪೈಥಾನ್ ಬಳಸುವವರಿಗೆ ಪಾಂಡಾಸ್‌ನಲ್ಲೂ 'ಗ್ರೂಪ್‌ಬೈ' ಇದೆ.

ಮೂರು ವಿಷಯ ಮರೀಬೇಡಿ:

1. ಇಲ್ಲಿ ಒಂದು ಸಾಲು ಅಂದ್ರೆ ಒಬ್ಬ ಅಭ್ಯರ್ಥಿ ಅಲ್ಲ. ಸಾಲುಗಳನ್ನು ಎಣಿಸಬೇಡಿ, ಸಂಖ್ಯೆಯ ಕಾಲಂ ಕೂಡಿಸಿ.

2. ಶೇಕಡಾವಾರು ಪಕ್ಕದಲ್ಲೇ ಒಟ್ಟು ಎಷ್ಟು ಜನ ಅಂತ ಬರೆಯಿರಿ. 'ಬಿ' ವಿಭಾಗದಲ್ಲಿ ಮಹಿಳೆಯರು ಶೇ.68 ನಿಜ, ಆದರೆ ಅರ್ಜಿ ಹಾಕಿದವರೇ 25 ಮಂದಿ.

3. ವಿಭಾಗಗಳ ಶೇಕಡಾವಾರುಗಳನ್ನು ಕೂಡಿಸಿ ಆರರಿಂದ ಭಾಗಿಸಿದರೆ ಒಟ್ಟು ಶೇಕಡಾವಾರು ಸಿಗಲ್ಲ. ಮೂಲ ಸಂಖ್ಯೆಗಳಿಂದಲೇ ತೆಗೀಬೇಕು.

ಮಹಿಳೆಯರು ಎ, ಬಿ ವಿಭಾಗಗಳಿಗೆ ಯಾಕೆ ಅಷ್ಟು ಕಡಿಮೆ ಅರ್ಜಿ ಹಾಕಿದರು ಅನ್ನೋದನ್ನು ಈ ಟೇಬಲ್ ಹೇಳಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದು ಅಂತ ತೋರಿಸುತ್ತೆ. ನಮ್ಮ ಜಿಲ್ಲೆಯ ಫಲಿತಾಂಶವನ್ನೂ ತಾಲ್ಲೂಕು, ಸರ್ಕಾರಿ, ಅನುದಾನಿತ, ಖಾಸಗಿ ಅಂತ ಬಿಡಿಸಿ ನೋಡಿದರೆ ಯಾವ ಶಾಲೆಗೆ ನೆರವು ಬೇಕು ಅನ್ನೋದು ಸ್ಪಷ್ಟವಾಗುತ್ತೆ.